ಕುರಿಯ ಹಿಂದೆ ಹೊರಟ ವಾಯುವೇಗ

ಕುದುರೆ ಸವಾರಿ ಬಹಳ ಸುಲಭ. ಹತ್ತಬೇಕು, ಕೂರಬೇಕು, ಹೋಗಬೇಕು, ಇಳಿಯಬೇಕು. ಮೊಬೈಲಿನಲ್ಲಿ ಒಂಬತ್ತು ವಿಡಿಯೊ ನೋಡಿದ ಮೇಲೆ ನಾನು ಈ ತೀರ್ಮಾನಕ್ಕೆ ಬಂದಿದ್ದೆ. ಹತ್ತನೆಯದನ್ನು ನೋಡುವ ಅಗತ್ಯ ಕಾಣಲಿಲ್ಲ.

ನನ್ನ ಹೆಸರು ತಿಪ್ಪೇಸ್ವಾಮಿ. ಚಿತ್ರದುರ್ಗದ ಸರ್ವೆ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದೆ. ಊರವರ ಹೊಲದ ನಕ್ಷೆಗಳನ್ನು ಬಿಚ್ಚುವುದು, ಮಡಚುವುದು, ಮತ್ತೆ ಬಿಚ್ಚುವುದು ನನ್ನ ಕೆಲಸ. ಹೊಲಕ್ಕೆ ಹೋಗಿ ಅಳೆಯುವವರು ಬೇರೆ ಇದ್ದರು. ನಾನು ಒಂದು ದಿನವೂ ಬದುವಿನ ಮೇಲೆ ಕಾಲಿಟ್ಟವನಲ್ಲ. ನನ್ನ ಮೇಲೆ ಮಾವನವರ ಮುಖ್ಯ ಆಕ್ಷೇಪಣೆ ಇದೇ.

ಮಾವನವರೆಂದರೆ ಹಿರಿಯೂರು ತಾಲ್ಲೂಕು ಆದಿವಾಲದ ಈರಜ್ಜ. ಎಂಬತ್ತು ದಾಟಿದೆ. ಪ್ರಾಯದಲ್ಲಿ ಮುನ್ನೂರು ಕುರಿ ಹೊಡೆದುಕೊಂಡು, ತಟ್ಟು ಎಂಬ ಒಂದು ಗಿಡ್ಡ ಕುದುರೆಯ ಮೇಲೆ ಇಡೀ ಸಂಸಾರ ಹೇರಿಕೊಂಡು ನಾಲ್ಕು ತಾಲ್ಲೂಕು ನಡೆದವರು. ನಾನು ಹೆಣ್ಣು ನೋಡಲು ಹೋದ ದಿನ ಕಾಫಿ ಕೊಡುವ ಮೊದಲೇ ನನ್ನ ಕೈಗೊಂದು ಕುರಿಮರಿ ಕೊಟ್ಟು "ಹಿಡ್ಕಳ್ರಿ, ನೋಡಾಣ" ಅಂದಿದ್ದರು. ನಾನು ಅದನ್ನು ಫೈಲು ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿದೆ. ಮರಿ ನನ್ನ ಹೊಸ ಪ್ಯಾಂಟಿನ ಮೇಲೆ ತನ್ನ ಷರಾ ಬರೆಯಿತು! ಅಂದಿನಿಂದ ನಾನು "ಪೇಪರ್ ಅಳಿಯ". ಮೂವತ್ತೊಂದು ವರ್ಷವಾಯಿತು. ಹಬ್ಬವಿರಲಿ, ತಿಥಿಯಿರಲಿ, ನಾನು ಹೊಸ್ತಿಲು ದಾಟಿದರೆ ಸಾಕು, "ಬರ್ರಿ ಪೇಪರ್ ಅಳಿಯಂದ್ರೇ, ಕುಂತ್ಕಳ್ರಿ" ಎಂದು ಬಹುವಚನದಲ್ಲೇ ನನ್ನ ಮರ್ಯಾದೆ ತೆಗೆಯುತ್ತಾರೆ. ಒಂದೇ ಒಂದು ಸಲ ಅವರ ಬಾಯಲ್ಲಿ "ಪರವಾಗಿಲ್ಲ" ಅನ್ನಿಸಿಕೊಳ್ಳಬೇಕೆಂಬುದು ನನ್ನ ಜೀವಮಾನದ ಆಸೆ. ನಿವೃತ್ತಿಯಾದ ಮೇಲೆ ಬೇರೆ ಆಸೆಗಳೂ ಉಳಿದಿರಲಿಲ್ಲ.

ಈ ಸಲದ ಸಂಕ್ರಾಂತಿ ಮುಗಿದ ಮೇಲೆ ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ನೋಡಿಕೊಳ್ಳಲು ನನ್ನ ಹೆಂಡತಿ ರತ್ನಮ್ಮ ಆದಿವಾಲಕ್ಕೆ ಹೋದಳು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕುಳಿತಿದ್ದ ಮಾವನವರಿಗೆ ಎಲ್ಲವೂ ಮಸುಕು ಮಸುಕು. ಸರಿಯಾದ ನಂಬರಿನ ಕನ್ನಡಕ ಬರಲು ಇನ್ನೂ ಎರಡು ವಾರದ ಮೇಲೆ ಬೇಕಿತ್ತು. ಒಂದು ಸಂಜೆ ರತ್ನಮ್ಮ ಫೋನಿನಲ್ಲಿ ನಗಾಡಿದಳು.

"ಕನ್ನಡಕ ಬಂದ್ಮೇಲೆ ಮೊದ್ಲು ಏನ್ ನೋಡ್ತೀಯಪ್ಪ ಅಂತ ಕೇಳಿದ್ರೆ, ತಟ್ಟು ನೋಡ್ತೀನಿ ಅಂತಾನೆ ಕಣ್ರಿ! ಮೊಮ್ಮಕ್ಕಳನ್ನಲ್ಲ, ನನ್ನನ್ನಲ್ಲ. ಈಗ ಕುರಿಯೋರೆಲ್ಲ ಟೆಂಪೋ ಇಟ್ಕಂಡವ್ರೆ, ನಮ್ ಕಾಲದ ಗಿಡ್ಡ ತಟ್ಟು ಒಂದಾದ್ರೂ ಉಳಿದೈತೋ ಇಲ್ವೋ ಅಂತ ಒಂದೇ ಸಮನೆ ಕೊರಗ್ತಾನೆ."

"ತಟ್ಟು ನಾನ್ ತರ್ತೀನಿ," ಎಂದೆ.

"ನೀವಾ?"

"ನಾನೇ. ಅದ್ರ ಮೇಲೆ ಕುಂತ್ಕಂಡೇ ಬರ್ತೀನಿ."

ರತ್ನಮ್ಮ ಮತ್ತೊಮ್ಮೆ ನಕ್ಕಳು. ಆಮೇಲೆ "ಗ್ಯಾಸ್ ಬಂದ್ ಮಾಡಿ ಮಲಕ್ಕಳ್ರಿ" ಎಂದು ಫೋನಿಟ್ಟಳು.

ನಾನು ಮಲಗಲಿಲ್ಲ. ವಿಚಾರಿಸತೊಡಗಿದೆ. ಅಲ್ಲಿ ಇಲ್ಲಿ ಕೇಳಿ, ಕೊನೆಗೆ ದುರ್ಗದ ಪಕ್ಕದ ಮದಕರಿಪುರದಲ್ಲಿ ಚಿಕ್ಕಣ್ಣ ಎಂಬ ಕುರಿಯವನ ಬಳಿ ಒಂದು ತಟ್ಟು ಇದೆಯೆಂದು ತಿಳಿಯಿತು. ನಮ್ಮ ದಖ್ಖನ್ನಿನ ಅಪ್ಪಟ ನಾಟಿ ತಳಿ. ನನ್ನ ಎದೆಮಟ್ಟದ ಎತ್ತರ, ಕಂದು ಮೈ, ಹಣೆಯ ಮೇಲೆ ವಿಭೂತಿ ಎಳೆದ ಹಾಗೆ ಒಂದು ಬಿಳಿ ಗೆರೆ. ಅದು ನನ್ನನ್ನು ನೋಡಿ ಕಣ್ಣು ಮುಚ್ಚಿತು. ನಾಚಿಕೆ ಇರಬೇಕು ಅಂದುಕೊಂಡೆ.

"ನಮಗೀಗ ಟೆಂಪೋ ಐತೆ," ಎಂದ ಚಿಕ್ಕಣ್ಣ. "ಇದಕ್ಕೆ ಕೆಲ್ಸ ಇಲ್ದೆ ಬ್ಯಾಸರ ಮಾಡ್ಕಂಡೈತೆ. ಚೆನ್ನಾಗ್ ನೋಡ್ಕಂತೀರಿ ಅಂದ್ರೆ ಒಯ್ರಿ, ಆದ್ರೆ ಯಾರಿಗೂ ಮಾರಂಗಿಲ್ಲ. ಇನ್ನೊಂದ್ ಮಾತು. ಇದು ಕುರಿ ಹಿಂದಿನ ತಟ್ಟು. ಗೊತ್ತಲ್ರೀ?"

"ಗೊತ್ತು, ಗೊತ್ತು," ಎಂದೆ.

ಓದದೇ ರುಜು ಹಾಕುವುದು ಮೂವತ್ತನಾಲ್ಕು ವರ್ಷದ ಅಭ್ಯಾಸ.

"ಇದ್ರ ಹೆಸರು..." ಎಂದು ಅವನು ಬಾಯಿ ತೆರೆದ. ನಾನು ಕೈ ಎತ್ತಿ ತಡೆದೆ. ಹೆಸರು ಆಗಲೇ ನಿಶ್ಚಯವಾಗಿತ್ತು. ವಾಯುವೇಗ! ಗುರುವಾರ ಬೆಳಗ್ಗೆ ಹೊರಟು ಶುಕ್ರವಾರ ಸಂಜೆಗೆ ಆದಿವಾಲ ತಲುಪುವ ಮಾರ್ಗದ ನಕ್ಷೆಯನ್ನು ನಾನೇ ಬರೆದು, ಬಣ್ಣ ತುಂಬಿ, ಕೆಳಗೆ ದಿನಾಂಕ ಹಾಕಿ ಸಹಿ ಮಾಡಿದ್ದೆ.

ಗುರುವಾರ ಬೆಳಗ್ಗೆ ಬಿಳಿ ಶರ್ಟು, ಬೂಟು, ತಲೆಗೊಂದು ಟೋಪಿ ತೊಟ್ಟು ಮದಕರಿಪುರದ ಕಲ್ಲುಕಟ್ಟೆ ಏರಿ ನಿಂತೆ. ಜೀನು ಇರಲಿಲ್ಲ. ಬೆನ್ನ ಮೇಲೊಂದು ಗೋಣಿ, ಅದರ ಮೇಲೊಂದು ಕಂಬಳಿ, ಎರಡೂ ಪಕ್ಕಕ್ಕೆ ಇಳಿಬಿಟ್ಟ ಎರಡು ಚೀಲ. ವಿಡಿಯೊದಲ್ಲಿ ಹೇಳಿದಂತೆ ದೀರ್ಘವಾಗಿ ಉಸಿರೆಳೆದುಕೊಂಡು ಕಾಲು ಬೀಸಿದೆ. ಈ ಕಡೆಯಿಂದ ಹತ್ತಿ ಆ ಕಡೆಯಿಂದ ಇಳಿದೆ. ಎರಡು ಕೆಲಸ ಒಂದೇ ಏಟಿಗೆ ಮುಗಿಯಿತು! ಚಿಕ್ಕಣ್ಣ ನನ್ನನ್ನು ಎತ್ತಿ, ಮೂಟೆ ಇಡುವ ಹಾಗೆ ಮೇಲಿಟ್ಟ. ಸದರಿ ತಟ್ಟು ಈ ಎಲ್ಲ ಕಲಾಪ ಮುಗಿಯುವವರೆಗೆ ಅಲುಗಾಡದೆ ನಿಂತಿತ್ತು.

"ಭೇಷ್ ಮಗನೇ! ನಡಿ ವಾಯುವೇಗ!"

ಮಗ ನಡೆದ. ಮೂಗನ್ನು ನೆಲಕ್ಕೆ ತಾಗಿಸಿಕೊಂಡು ಹೆಜ್ಜೆ ಹೆಜ್ಜೆಗೂ ಮೂಸುತ್ತಾ ನಡೆದ. ಹೊಸ ದಾರಿ, ಪಾಪ ಭೂಮಿತಾಯಿಗೆ ನಮಸ್ಕಾರ ಮಾಡುತ್ತಿದೆ ಅಂದುಕೊಂಡೆ. ದಾರಿಯುದ್ದಕ್ಕೂ ಕುರಿ ಹಿಕ್ಕೆ ಬಿದ್ದಿದ್ದನ್ನು ನಾನು ಗಮನಿಸಲಿಲ್ಲ. ಅರ್ಧ ಗಂಟೆಯಲ್ಲಿ ಎದುರಿಗೆ ಧೂಳೆದ್ದಿತು. ಧೂಳಿನೊಳಗೆ ಇನ್ನೂರು ಮುನ್ನೂರು ಕುರಿ. ವಾಯುವೇಗನ ಎರಡೂ ಕಿವಿ ನೆಟ್ಟಗಾದವು. ಓಟ ಶುರುವಾಯಿತು! ನಾನು ಕಂಬಳಿ, ಜೂಲು, ದೇವರು, ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡೆ. ಕಟ್ಟಕಡೆಯ ಕುರಿಯ ಬಾಲದ ಹಿಂದೆ ಬಂದು ಮುಟ್ಟಿದ್ದೇ ತಡ, ಓಟ ನಿಂತಿತು. ಆಮೇಲೆ ಕುರಿ ಎಷ್ಟು ನಡೆದರೆ ಅಷ್ಟೇ. ಕುರಿ ನಿಂತರೆ ವಾಯುವೇಗನೂ ನಿಂತ.

ನನ್ನ ನಕ್ಷೆಯ ಪ್ರಕಾರ ನಾವು ಎಡಕ್ಕೆ ತಿರುಗಬೇಕಿತ್ತು. ಕುರಿಗಳು ಬಲಕ್ಕೆ ತಿರುಗಿದವು. ಸದರಿ ತಟ್ಟು ನಕ್ಷೆ ನೋಡಿರಲಿಲ್ಲ. ಹಗ್ಗ ಜಗ್ಗಿದೆ, ಕತ್ತು ಮಾತ್ರ ಎಡಕ್ಕೆ ಬಂತು, ಕಾಲು ಬಲಕ್ಕೇ ಹೋದವು. ಇಳಿದು ಹಿಂದಿನಿಂದ ತಳ್ಳಿದೆ, ಅದು ಬಾಲದಿಂದ ನನ್ನ ಟೋಪಿ ಬೀಳಿಸಿತು. ಬೆಲ್ಲದ ಅಚ್ಚು ತೋರಿಸುತ್ತಾ ಎಡದಾರಿಯಲ್ಲಿ ಹಿಂದೆ ಹಿಂದೆ ನಡೆದೆ. ಬಂತು. ಬೆಲ್ಲ ತಿಂತು. ತಿರುಗಿ ಕುರಿಗಳ ಹತ್ತಿರ ಹೋಯಿತು.

ಅಷ್ಟರಲ್ಲಿ ಹೆಗಲ ಮೇಲೆ ಕಂಬಳಿ ಹಾಕಿದ್ದ ಒಬ್ಬ ನನ್ನತ್ತ ಬಂದ. ಆ ಮಂದೆಯ ಯಜಮಾನ ಕೆಂಚಪ್ಪ. ಬಿಳಿ ಶರ್ಟು, ಬೂಟು, ಕೈಯಲ್ಲಿ ಕಾಗದ ನೋಡಿ ಅವನ ಮುಖ ಸಣ್ಣಗಾಯಿತು.

"ಯಾರ್ರಿ ನೀವು? ಕುರಿ ಗಣತಿಗೆ ಬಂದ್ರಾ?"

"ಇಲ್ಲಪ್ಪ. ಆದಿವಾಲಕ್ಕೆ ಹೊಂಟಿದೀನಿ."

"ಆದಿವಾಲ ಆ ಕಡೆ ಐತೆ. ನಾವು ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ಹೊಂಟಿರೋದು."

"ನಂಗೊತ್ತೈತೆ ಕಣಪ್ಪ. ಇದಕ್ಕೆ ಗೊತ್ತಿಲ್ಲ."

"ಏನ್ ಹೆಸರಿಟ್ಟೀರಿ?"

"ವಾಯುವೇಗ."

ಕೆಂಚಪ್ಪ ತಟ್ಟುವನ್ನು ನೋಡಿದ. ಅದು ಆ ಹೊತ್ತಿಗೆ ಒಂದು ಕುಂಟು ಕುರಿಗೆ ದಾರಿ ಬಿಟ್ಟು ಕಾಯುತ್ತಿತ್ತು. "ಇದು ಮದಕರಿಪುರದ ಚಿಕ್ಕಣ್ಣನ ಗಂಗವ್ವ ಅಲ್ವೇನ್ರಿ?" ಎಂದ. ಗಂಗವ್ವ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅದು ತಲೆಯೆತ್ತಿ ಕೆನೆಯಿತು.

"ಅವ್ವನಾ? ಇದು ಗಂಡಲ್ವಾ?"

"ಬೆಳಗ್ಗಿಂದ ಇದ್ರ ಮೇಲೆ ಕುಂತಿದೀರಿ, ಇಷ್ಟೂ ನೋಡಿಲ್ವಾ?" ಕೆಂಚಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಪಾಪ ಅನ್ನಿಸಿರಬೇಕು, ಬಿಡಿಸಿ ಹೇಳಿದ. ಗಂಗವ್ವ ಹುಟ್ಟಿದ್ದೇ ಮಂದೆಯಲ್ಲಂತೆ. ಎಲ್ಲ ಕುರಿಗಳ ಹಿಂದೆ ನಡೆಯುವುದು ಅವಳ ಕೆಲಸ. ನಡೆಯಲಾರದ ಮರಿಗಳನ್ನು ಆ ಪಕ್ಕದ ಚೀಲಗಳಲ್ಲಿ ಹೊರುವುದೂ ಅವಳದೇ. ಒಂದು ಕುರಿ ಹಿಂದೆ ಉಳಿದರೂ ಸರಿ, ಅದು ಬರುವವರೆಗೆ ಅವಳು ಹೆಜ್ಜೆ ಕೀಳುವುದಿಲ್ಲ. "ಮುಂದೆ ಕುರಿ ಇಲ್ಲ ಅಂದ್ರೆ ಇದಕ್ಕೆ ದಾರೀನೇ ಇಲ್ಲ ಕಣ್ರಿ ಸಾರ್. ಚಿಕ್ಕಣ್ಣ ಹೇಳ್ಲಿಲ್ವಾ?"

ಹೇಳಿದ್ದ. ನಾನು "ಗೊತ್ತು, ಗೊತ್ತು" ಎಂದಿದ್ದೆ.

ಹೀಗೆ ಆದಿವಾಲಕ್ಕೆ ಹೊರಟ ನಾನು ಅದರ ವಿರುದ್ಧ ದಿಕ್ಕಿಗೆ, ಕುರಿಯ ವೇಗದಲ್ಲಿ ಪ್ರಯಾಣ ಬೆಳೆಸಿದೆ. ಮೂರನೆಯ ದಿನ ರತ್ನಮ್ಮನ ಫೋನು ಬಂತು.

"ಎಲ್ಲಿದೀರಿ?"

"ತಾಳ್ಯದಾಗೆ."

"ತಾಳ್ಯನಾ! ಯಾರಾದ್ರೂ ದುರ್ಗದಿಂದ ಆದಿವಾಲಕ್ಕೆ ತಾಳ್ಯದ ಮೇಲೆ ಬರ್ತಾರಾ?"

"ಸ್ವಲ್ಪ ಸುತ್ತು ದಾರಿ."

"ನಮ್ಮಪ್ಪಂಗೆ ಹೇಳ್ದೆ, ನಿನ್ನ ಅಳಿಯಂದ್ರು ತಟ್ಟು ತರ್ತಾರಂತೆ ಅಂತ. ಏನಂದ ಗೊತ್ತಾ? ಪೇಪರ್ ಮೇಲೆ ಬರ್ಕಂಡು ತರ್ತಾರೆ ಬಿಡು ಅಂದ." ಅವಳ ದನಿ ಮೆತ್ತಗಾಯಿತು. "ಅನ್ಲಿ ಬಿಡ್ರಿ. ಟೆಂಪೋ ಕಳಿಸ್ಲಾ? ಅದನ್ನೂ ಹತ್ತಿಸ್ಕಂಡು ಬಂದ್ಬಿಡ್ರಿ."

"ಬ್ಯಾಡ!" ಎಂದೆ. ಟೆಂಪೋದಲ್ಲಿ ಬಂದರೆ ಇನ್ನೂ ಮೂವತ್ತೊಂದು ವರ್ಷ ಪೇಪರ್ ಅಳಿಯನಾಗಿಯೇ ಇರಬೇಕಾಗುತ್ತದೆ. ಅಷ್ಟು ಆಯಸ್ಸು ನನಗಿದೆಯೋ ಇಲ್ಲವೋ.

ಮಂದೆಯಲ್ಲಿ ನನ್ನ ದಿನಚರಿ ಶುರುವಾಯಿತು. ಮೊದಲ ದಿನ ಗಂಗವ್ವನ ಮೇಲೆ ನಾನು ಕುಳಿತಿದ್ದೆ. ಎರಡನೆಯ ದಿನ ಕೆಂಚಪ್ಪ ಬಲಗಡೆಯ ಚೀಲಕ್ಕೊಂದು ಮರಿ ಹಾಕಿದ. ಮೂರನೆಯ ದಿನ ಎಡಗಡೆಯ ಚೀಲಕ್ಕೆರಡು. ನಾಲ್ಕನೆಯ ದಿನ ಗಂಗವ್ವ ನಿಂತು, ಕತ್ತು ತಿರುಗಿಸಿ ನನ್ನ ಮೊಣಕಾಲನ್ನು ಮೂತಿಯಿಂದ ಮೆಲ್ಲಗೆ ತಳ್ಳಿದಳು. "ನಡೆಯಕ್ಕೆ ಬರೋರನ್ನ ಅದು ಹೊರಲ್ಲ ಸಾರ್," ಎಂದ ಕೆಂಚಪ್ಪ. ನಾನು ಇಳಿದೆ. ಮತ್ತೆ ಹತ್ತಲಿಲ್ಲ. ಬೂಟಿನ ಅಟ್ಟೆ ಕಿತ್ತುಹೋಯಿತು, ಕೆಂಚಪ್ಪ ಒಂದು ಜೊತೆ ಕೆರ ಕೊಟ್ಟ. ಬೆಳಗಿನ ಚಳಿಗೆ ಒಂದು ಕಂಬಳಿಯನ್ನೂ ಕೊಟ್ಟ.

ಗಂಗವ್ವನ ಪಕ್ಕದಲ್ಲಿ ನಡೆಯುತ್ತಾ ನಡೆಯುತ್ತಾ ಅವಳ ಸ್ವಭಾವ ತಿಳಿಯಿತು. ಎಡಗಿವಿಯ ಬುಡ ಕೆರೆದರೆ ಕೆಳತುಟಿ ಜೋಲು ಬೀಳುತ್ತದೆ. ಹುರುಳಿ ಬೇಯಿಸಿ ಕೊಟ್ಟರೆ ಮೊದಲು ಮೂಸಿ, ನನ್ನ ಮುಖ ನೋಡಿ, ಆಮೇಲೆ ತಿನ್ನುತ್ತಾಳೆ. ನಾನು ಮಾತಾಡುತ್ತಿದ್ದರೆ ಒಂದು ಕಿವಿ ನನ್ನ ಕಡೆ, ಇನ್ನೊಂದು ಕುರಿಯ ಕಡೆ. ಆಫೀಸಿನಲ್ಲಾಗಲಿ ಮನೆಯಲ್ಲಾಗಲಿ ನನ್ನ ಮಾತಿಗೆ ಅರ್ಧ ಕಿವಿ ಕೊಟ್ಟವರೂ ಇರಲಿಲ್ಲ. ನಾನು ನನ್ನ ಸರ್ವೀಸಿನ ಕಥೆಯೆಲ್ಲ ಅವಳಿಗೆ ಹೇಳಿಬಿಟ್ಟೆ.

ಎಂಟನೆಯ ದಿನ ಹೊಸದುರ್ಗದ ಹತ್ತಿರ ಒಂದು ದೊಡ್ಡ ಕಟಾವಾದ ಹೊಲದಲ್ಲಿ ಮಂದೆ ಬೀಡು ಬಿಟ್ಟಿತು. "ಇಲ್ಲೇ ಇನ್ನೊಂದ್ ತಿಂಗ್ಳು," ಎಂದ ಕೆಂಚಪ್ಪ.

ಕನ್ನಡಕ ಬರಲು ಇನ್ನು ಒಂದೇ ವಾರ! ಕುರಿ ಬಿಟ್ಟು ಗಂಗವ್ವ ಬರುವುದಿಲ್ಲ, ಗಂಗವ್ವನನ್ನು ಬಿಟ್ಟು ನಾನು ಹೋಗುವ ಹಾಗಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ವಿಚಾರಿಸುವ ಹಾಗೆ ಸುತ್ತಮುತ್ತಲಿನ ಹಟ್ಟಿಗಳಲ್ಲಿ "ಹಿರಿಯೂರು ಕಡೆ ಹೋಗೋ ಕುರಿ ಯಾವುದಾದ್ರೂ ಐತೇನ್ರಿ?" ಎಂದು ವಿಚಾರಿಸಿದೆ. ಎಲ್ಲರೂ ನನ್ನನ್ನು ಅನುಮಾನದಿಂದ ನೋಡಿ ತಮ್ಮ ಕುರಿ ಎಣಿಸಿಕೊಂಡರು. ಕೊನೆಗೆ ಕೆಂಚಪ್ಪನ ಮುಂದೆ ಕುಳಿತು ಎಲ್ಲವನ್ನೂ ಹೇಳಿಕೊಂಡೆ, ಮಾವನವರ ಕಣ್ಣಿನ ವಿಷಯ, ಪ್ಯಾಂಟಿನ ವಿಷಯ, ಪೇಪರ್ ಅಳಿಯನ ವಿಷಯ. ಅವನು ಈ ಸಲ ನಗಲಿಲ್ಲ.

"ಆದಿವಾಲದ ಪಕ್ಕದೂರಾಗೆ ನಮ್ ಬೀಗರು ಅವ್ರೆ. ಅವ್ರಿಗೆ ಹನ್ನೊಂದು ಕುರಿ ಮುಟ್ಟಿಸೋದೈತೆ. ಟೆಂಪೋದಾಗೆ ಕಳಿಸಾಣ ಅಂತಿದ್ದೆ. ನೀವೇ ಹೊಡ್ಕಂಡ್ ಹೋಗ್ರಿ. ಗಂಗವ್ವ ಹಿಂದೆ ಬರ್ತಾಳೆ."

"ನಾನಾ? ನಂಗೆ ಕುರಿ ಕಾಯಕ್ಕೆ ಬರಲ್ಲ ಕಣಪ್ಪ!"

"ನಿಮಗ್ ಬರಲ್ಲ. ಅದಕ್ಕೆ ಬರ್ತೈತೆ," ಎಂದು ಗಂಗವ್ವನ ಬೆನ್ನು ತಟ್ಟಿದ.

ಹೀಗೆ ಸರ್ವೆ ಆಫೀಸಿನ ನಿವೃತ್ತ ಗುಮಾಸ್ತನಾದ ನಾನು ಹನ್ನೊಂದು ಕುರಿಗಳ ಪ್ರಭಾರ ವಹಿಸಿಕೊಂಡೆ. ಮೊದಲ ದಿನವೇ ಎರಡು ಕುರಿ ಒಂದು ಈರುಳ್ಳಿ ಹೊಲಕ್ಕೆ ನುಗ್ಗಿದವು. ಹೊಲದ ಹೆಣ್ಣುಮಗಳು ಕುಡುಗೋಲು ಹಿಡಿದು ಬಂದಳು. ನಾನು ಕೈ ಮುಗಿದು, ಸರ್ವೆ ಆಫೀಸಿನಲ್ಲಿದ್ದವನೆಂದು ಪರಿಚಯ ಹೇಳಿಕೊಂಡೆ. ಆಕೆಯ ಮುಖ ಅರಳಿತು!

"ಸರ್ವೆಯೋರಾ? ಬರ್ರಿ ಬರ್ರಿ. ಈ ಬದು ನಮ್ಮದೋ ಪಕ್ಕದೋರದೋ ಹೇಳ್ರಿ. ನಮ್ ಮಾವನ ಕಾಲದಿಂದ ಜಗಳ ಐತೆ."

ಪಕ್ಕದ ಹೊಲದ ಯಜಮಾನನೂ ಓಡಿ ಬಂದ. ಕಾಗದದ ಮೇಲೆ ಮೂವತ್ತನಾಲ್ಕು ವರ್ಷ ನೋಡಿದ್ದ ಬದುವನ್ನು ಮೊದಲ ಬಾರಿಗೆ ಕಣ್ಣಾರೆ ನೋಡಿದೆ. ಮಣ್ಣಿನದು! ನಾನು ಗಂಭೀರವಾಗಿ ಹೆಜ್ಜೆ ಹಾಕಿ ಅಳೆಯತೊಡಗಿದೆ. ಅಳತೆ ಮುಗಿಯುವಷ್ಟರಲ್ಲಿ ನನ್ನ ಹನ್ನೊಂದೂ ಕುರಿ ಎರಡೂ ಹೊಲದ ಈರುಳ್ಳಿ ಸಸಿಯನ್ನು ತಾರತಮ್ಯವಿಲ್ಲದೆ ಮೇಯತೊಡಗಿದ್ದವು. ಜಗಳ ಐದೇ ನಿಮಿಷದಲ್ಲಿ ಬಗೆಹರಿಯಿತು. ಇಬ್ಬರೂ ಒಂದಾಗಿ ನನ್ನನ್ನು ಬಯ್ಯತೊಡಗಿದರು.

ಅಲ್ಲಿಂದ ಮುಂದೆ ನಾನು ಬಾಯಿಬಿಟ್ಟು ಪರಿಚಯ ಹೇಳಿಕೊಳ್ಳಲಿಲ್ಲ. ಬಾಯಿಬಿಟ್ಟಿದ್ದೆಲ್ಲ ಕುರಿಗಳ ಮೇಲೆ. "ಟ್ರ್ರ್ರ್... ಹೋಯ್! ಹೋಯ್!" ಎಂದು ಕೂಗಿ ಕೂಗಿ ಎರಡು ದಿನದಲ್ಲಿ ಗಂಟಲು ಕಟ್ಟಿಹೋಯಿತು. ಗೊಗ್ಗರು ದನಿಯೊಂದು ಉಳಿಯಿತು. ಗಡ್ಡ ಬೆಳೆಯಿತು. ಬಿಳಿ ಶರ್ಟು ಯಾವ ಬಣ್ಣದ್ದೆಂದು ಹೇಳಲು ಪಂಚನಾಮೆ ಬೇಕಾಗಿತ್ತು.

ಹನ್ನೆರಡನೆಯ ದಿನದ ಮಧ್ಯಾಹ್ನ, ಮಾರಿಕಣಿವೆಯ ಹಿನ್ನೀರು ಕಾಣಿಸುತ್ತಿದ್ದ ಒಂದು ಜಾಲಿ ಮರಗಳ ಬಯಲಿನಲ್ಲಿ ಗಂಗವ್ವ ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ಕುರಿಗಳು ಮುಂದೆ ಹೋಗುತ್ತಿವೆ, ಇವಳು ಕದಲುತ್ತಿಲ್ಲ. ನನಗೆ ಸಿಟ್ಟು ಬಂತು. ಇನ್ನೆರಡೇ ದಿನ ಇದೆ ಕಣವ್ವ ಎಂದೆ, ಕೈ ಮುಗಿದೆ, ಬೈದೆ. ಅವಳು ಹಿಂದೆ ತಿರುಗಿ ಒಂದೇ ಕಡೆ ನೋಡುತ್ತಿದ್ದಳು. ಎಣಿಸಿದೆ. ಹತ್ತು! ಹನ್ನೊಂದನೆಯ ಕುರಿ ದೂರದ ಮರದಡಿ ಮಲಗಿ ಕಾಲು ಒದರುತ್ತಿತ್ತು. ಓಡಿಹೋಗಿ ನೋಡಿ, ಕೆಂಚಪ್ಪನಿಗೆ ಫೋನು ಮಾಡಿದೆ.

"ಕೆಂಚಪ್ಪ, ಒಂದು ಕುರಿ ಸಾಯ್ತಾ ಐತೆ ಕಣೋ!"

ಅವನು ಎರಡು ಪ್ರಶ್ನೆ ಕೇಳಿದ. "ಸಾಯಲ್ಲ ಸಾರ್, ಈಯ್ತಾ ಐತೆ. ನೀವ್ ಏನೂ ಮಾಡ್ಬ್ಯಾಡ್ರಿ. ಸುಮ್ನೆ ಕುಂತ್ಕಳ್ರಿ. ದಮ್ಮಯ್ಯ, ಏನೂ ಮಾಡ್ಬ್ಯಾಡ್ರಿ!"

ಏನೂ ಮಾಡದೆ ಕುಳಿತಿರುವುದರಲ್ಲಿ ನನಗೆ ಸಾಕಷ್ಟು ಅನುಭವವಿತ್ತು. ಕುಳಿತೆ. ಗಂಗವ್ವ ಬಂದು ಬಿಸಿಲಿಗೆ ಅಡ್ಡವಾಗಿ ನಿಂತಳು. ಅವಳ ನೆರಳಿನಲ್ಲಿ ಒಂದು ಮರಿ ಹುಟ್ಟಿತು, ಒದ್ದೆ ಒದ್ದೆಯಾಗಿ, ಎಲ್ಲ ಕಾಲೂ ಬೇರೆ ಬೇರೆ ದಿಕ್ಕಿಗೆ ಚಾಚಿಕೊಂಡು. ತಾಯಿ ನೆಕ್ಕಿತು, ಮರಿ ಹಾಲು ಕುಡಿಯಿತು. ಹೊರಡುವ ಹೊತ್ತಿಗೆ ಗಂಗವ್ವ ಚೀಲವಿದ್ದ ಪಕ್ಕವನ್ನು ನನ್ನ ಕಡೆ ತಿರುಗಿಸಿ ನಿಂತು, ಇನ್ನೂ ಏನು ನೋಡ್ತೀಯಪ್ಪ ಎನ್ನುವ ಹಾಗೆ ನೋಡಿದಳು. ನಾನು ಮರಿಯನ್ನು ಎದೆಗೆ ಒತ್ತಿಕೊಂಡು ಎತ್ತಿದೆ. ಫೈಲಿನ ಹಾಗೆ ಹಿಡಿಯಲಿಲ್ಲ. ಚೀಲದಲ್ಲಿಟ್ಟು ಅವಳ ಕತ್ತಿನ ಮೇಲೆ ಕೈಯಿಟ್ಟಾಗ, ಅವಳು ತನ್ನ ಗದ್ದವನ್ನು ನನ್ನ ಹೆಗಲ ಮೇಲೆ ಇಟ್ಟು ನಿಟ್ಟುಸಿರು ಬಿಟ್ಟಳು. ಸುತ್ತ ಯಾರೂ ಇರಲಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ, ನಾನು ಅತ್ತುಬಿಟ್ಟೆ. ಸವಾರಿ ಕಲಿಯಲು ಹೋದವನಿಗೆ ಸಿಕ್ಕಿದ್ದು ಇಂಥ ಒಬ್ಬ ಗೆಳತಿ.

ಹದಿನಾಲ್ಕನೆಯ ದಿನ ಸಂಜೆ, ಬಿಸಿಲು ಇನ್ನೂ ಇರುವಾಗಲೇ ಆದಿವಾಲ ತಲುಪಿದೆವು. ಮುಂದೆ ಹನ್ನೊಂದು ಕುರಿ, ನಡುವೆ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡ ನಾನು, ಹಿಂದೆ ಗಂಗವ್ವ. ಮಾವನವರು ಕಪ್ಪು ಕನ್ನಡಕದಲ್ಲಿ ಜಗಲಿಯ ಮೇಲೆ ಕುಳಿತಿದ್ದರು. ಗೊರಸಿನ ಸದ್ದು ಕೇಳಿ ಎದ್ದು ನಿಂತರು. ಕೋಲು ಊರಿಕೊಂಡು ಬಂದು, ಕೈಯಾಡಿಸಿ ಗಂಗವ್ವನನ್ನು ನೋಡಿದರು. ಕಿವಿ, ಜೂಲು, ಬೆನ್ನು, ಬಗ್ಗಿ ಗೊರಸು.

"ಉಳಿದೈತೆ," ಎಂದರು ಮೆಲ್ಲಗೆ. "ನಮ್ ತಟ್ಟು ಇನ್ನೂ ಉಳಿದೈತೆ." ಆಮೇಲೆ ನನ್ನ ಕಡೆ ತಿರುಗಿದರು. "ಏನಪ್ಪ, ನಮ್ ಅಳಿಯಂದ್ರು ಕಳಿಸಿದ್ರಾ ನಿನ್ನ?"

ನಾನೇ ಮಾವ ಎನ್ನಲು ಬಾಯಿ ತೆರೆದೆ. ಗಂಟಲಿನಿಂದ ಗೊರ ಗೊರ ಸದ್ದು ಬಂತು. ಅವರು ನನ್ನ ಹೆಗಲ ಮೇಲಿನ ಮರಿಯನ್ನು ಮುಟ್ಟಿದರು.

"ಎರಡು ದಿನದ್ದು. ದಾರ್ಯಾಗೆ ಈದೈತೆ, ಅಲ್ವಾ? ನೋಡು, ಎಷ್ಟ್ ನಾಜೂಕಾಗಿ ತಂದಿದೀಯ. ಕುರಿ ಒಂದೂ ದಣಿದಿಲ್ಲ. ತಟ್ಟು ಮೇಲೆ ಕುಂತ್ಕಂಡ್ ಬರ್ದೆ ನಡ್ಕಂಡ್ ಬಂದಿದೀಯ. ನೀನು ಕುರಿಯೋನು ಕಣಪ್ಪ! ಈಗಿನ ಕಾಲದಾಗೆ ನಿನ್ನಂತೋರು ಎಲ್ಲವ್ರೆ?"

ಈಗ ಹೇಳಬೇಕಿತ್ತು. ಆದರೆ ಮೂವತ್ತೊಂದು ವರ್ಷ ಕಾದ ಮಾತುಗಳು ಬರುತ್ತಿವೆ! ಇನ್ನೊಂದೆರಡು ಬರಲಿ ಎಂದು ಸುಮ್ಮನೆ ನಿಂತೆ. ಬಂದವು.

"ನನ್ನ ಅಳಿಯನ್ನ ನಿನ್ನ ಹತ್ರ ಒಂದ್ ವಾರ ಕಳಿಸ್ಬೇಕು ನೋಡು. ಕಲಿಯಲ್ಲ ಬಿಡು, ಆದ್ರೂ."

ಬೀಸುವ ಯಂತ್ರಕ್ಕೆ ಹೋಗಿದ್ದ ರತ್ನಮ್ಮ ಹಿಟ್ಟಿನ ಡಬ್ಬಿ ಹೊತ್ತು ಬಂದಳು. "ಯಾರಪ್ಪ ನೀನು, ಕುರಿ ಎಲ್ಲಾ ಅಂಗಳಕ್ಕೆ..." ಎಂದವಳು ಹತ್ತಿರ ಬಂದು ನನ್ನ ಕಣ್ಣು ನೋಡಿ, ಡಬ್ಬಿ ಇಳಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ. "ಈ ಮನುಷ್ಯಂಗೆ ಹೊಟ್ಟೆ ತುಂಬ ಮುದ್ದೆ ಹಾಕಮ್ಮ," ಎಂದರು ಮಾವನವರು. ನಾನು ಹಿತ್ತಲಲ್ಲಿ ಕುಳಿತು ಎರಡು ಮುದ್ದೆ ಉಂಡೆ. ಅಳಿಯನಾಗಿ ಉಂಡ ಯಾವ ಹಬ್ಬದೂಟವೂ ಅಷ್ಟು ರುಚಿಯಾಗಿರಲಿಲ್ಲ.

ಮರುದಿನ ಬೆಳಗ್ಗೆ ಹಿರಿಯೂರಿನಿಂದ ಕನ್ನಡಕ ಬಂತು. ಹಾಕಿಕೊಂಡ ಮಾವನವರು ಮೊದಲು ಹಿತ್ತಲಿಗೆ ಹೋಗಿ ಗಂಗವ್ವನನ್ನು ಕಣ್ತುಂಬ ನೋಡಿದರು. ಕಣ್ಣೊರೆಸಿಕೊಂಡು, ಕನ್ನಡಕ ಒರೆಸಿಕೊಂಡು, ಮತ್ತೊಂದು ಸಲ ನೋಡಿದರು. ಆಮೇಲೆ ಜಗಲಿಗೆ ಬಂದರೆ ಅಲ್ಲಿ ನಾನು, ಸ್ನಾನ ಮಾಡಿ, ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿ ಕುಳಿತಿದ್ದೆ.

"ಯಾವಾಗ ಬಂದ್ರಿ ಪೇಪರ್ ಅಳಿಯಂದ್ರೇ? ಬಸ್ಸು ಸಲೀಸಾಗಿ ಸಿಕ್ತಾ?"

ರತ್ನಮ್ಮನಿಗೆ ತಡೆಯಲಾಗಲಿಲ್ಲ. "ಅಪ್ಪಾ, ನಿನ್ನೆ ಕುರಿ ಹೊಡ್ಕಂಡ್ ಬಂದೋರು ಇವ್ರೇ ಕಣಪ್ಪ! ಹದಿನಾಲ್ಕು ದಿನ ನಡ್ಕಂಡ್ ಬಂದವ್ರೆ, ನಿನಗೋಸ್ಕರ!"

"ಸುಮ್ನಿರಮ್ಮ," ಎಂದರು ಮಾವನವರು. "ಗಂಡ ಅಂತ ಹೊಗಳ್ತೀಯ, ಹೊಗಳು. ಅದಕ್ಕೂ ಒಂದು ಮಿತಿ ಐತೆ."

ಅಷ್ಟರಲ್ಲಿ ಕೆಂಚಪ್ಪನ ಬೀಗರು ಬಂದರು. ಹನ್ನೊಂದು ಕುರಿ, ಒಂದು ಮರಿ ಎಣಿಸಿಕೊಂಡು ಹೊಡೆದುಕೊಂಡು ಹೊರಟರು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ! ಕುರಿ ಹೋದರೆ ಗಂಗವ್ವನೂ ಹೋಗುತ್ತಾಳೆ. ನಾನು ಹಗ್ಗ ಕೂಡ ಕಟ್ಟಿರಲಿಲ್ಲ. ಅವಳು ಕಿವಿ ನಿಗುರಿಸಿ, ಅಂಗಳ ದಾಟಿ, ಕಟ್ಟಕಡೆಯ ಕುರಿಯ ಹಿಂದೆ ಬೀದಿಗಿಳಿದಳು. ಕಟ್ಟಿಹಾಕಲು ನನಗೆ ಮನಸ್ಸು ಬರಲಿಲ್ಲ. ಅವಳ ಕೆಲಸವೇ ಅದು. ನಾನು ಬಾಗಿಲಲ್ಲಿ ನಿಂತುಕೊಂಡೆ.

ಬೀದಿಯ ತಿರುವಿನಲ್ಲಿ ಅವಳು ನಿಂತಳು. ಹಿಂದೆ ತಿರುಗಿ ನೋಡಿದಳು. ಬೀಗರು ಹೋಯ್ ಹೋಯ್ ಅಂದರು, ಬೆನ್ನು ತಟ್ಟಿದರು, ಅವಳು ಒಂದು ಹೆಜ್ಜೆಯನ್ನೂ ಕೀಳಲಿಲ್ಲ.

"ಅದು ಬರಲ್ಲ ಕಣ್ರೋ," ಎಂದು ಮಾವನವರು ಜಗಲಿಯಿಂದ ಕೂಗಿದರು. "ಒಂದು ಕುರಿ ಹಿಂದೆ ಉಳ್ಕಂಡೈತೆ. ಎಣಿಸ್ರಿ!"

ಎಣಿಸಿದರು. ಹನ್ನೊಂದು ಕುರಿ, ಒಂದು ಮರಿ.

"ಸರಿಯಾಗ್ ಎಣಿಸ್ರಿ. ತಟ್ಟು ಸುಳ್ಳು ಹೇಳಲ್ಲ."

ಮತ್ತೆ ಎಣಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಗಂಗವ್ವ ಮಾತ್ರ ಯಾರ ಲೆಕ್ಕವನ್ನೂ ಒಪ್ಪದೆ, ಕುರಿಗಳನ್ನು ಬಿಟ್ಟು ಬೀದಿಯುದ್ದ ತಿರುಗಿ ಬಂದಳು. ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದ ನನ್ನ ಹೆಗಲ ಮೇಲೆ ಗದ್ದ ಇಟ್ಟು, ಸಿಕ್ಕಿದೆಯಲ್ಲ ಎನ್ನುವ ಹಾಗೆ ನಿಟ್ಟುಸಿರು ಬಿಟ್ಟಳು.

ಮಾವನವರು ಹೊಸ ಕನ್ನಡಕದಲ್ಲಿ ಗಂಗವ್ವನನ್ನು ನೋಡಿದರು. ನನ್ನನ್ನು ನೋಡಿದರು. ನನ್ನ ಕಾಲಿನ ಬೊಬ್ಬೆಗಳನ್ನು ನೋಡಿದರು. ಹತ್ತಿರ ಬಂದು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನನ್ನ ಇನ್ನೊಂದು ಹೆಗಲ ಮೇಲೆ ಕೈಯಿಟ್ಟರು. ಬಂತು, ಬಂದೇಬಿಟ್ಟಿತು ಆ ಮಾತು ಅಂದುಕೊಂಡೆ. ಅವರು ರತ್ನಮ್ಮನ ಕಡೆ ತಿರುಗಿದರು.

"ಹನ್ನೆರಡನೇ ಕುರಿ ಸಿಕ್ತು ಬಿಡಮ್ಮ," ಎಂದರು.

ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ನನಗೆ ಒಂದೂ ಬಡ್ತಿ ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ. ಪೇಪರ್ ಅಳಿಯನ ಹುದ್ದೆಯಿಂದ ಕುರಿಯ ಹುದ್ದೆಗೆ. ದಿನಾ ಸಂಜೆ ನಾನು ಮುಂದೆ, ನನ್ನ ಹಿಂದೆ ಗಂಗವ್ವ, ಅವಳ ಹಿಂದೆ ಮಾವನವರು ಆದಿವಾಲದ ಬಯಲಿಗೆ ಹೋಗಿ ಬರುತ್ತೇವೆ. ನಾನು ಸ್ವಲ್ಪ ಹಿಂದೆ ಬಿದ್ದರೆ ಮಾವನವರೇ "ಹೋಯ್!" ಎನ್ನುತ್ತಾರೆ.